ಅರ್ಧ ನಿಮಿಷದ ಕಚೇರಿ

ಇಷ್ಟದ ಹಾಡೊಂದನ್ನು ಫೋನಿನ ರಿಂಗ್‌ಟೋನ್ ಮಾಡಲು ಹೊರಟಿದ್ದೀರಿ. ಕೇಬಲ್ಲಿನ ಒಂದು ತುದಿ ಫೋನಿಗೆ, ಇನ್ನೊಂದು ಕಂಪ್ಯೂಟರಿಗೆ. ಚಾರ್ಜ್ ಆಗುತ್ತಿದೆ ಎಂದು ಫೋನು ಮಿಂಚು ತೋರಿಸುತ್ತದೆ. ಕಂಪ್ಯೂಟರಿನಲ್ಲಿ ಮಾತ್ರ ಫೋನಿನ ಸುಳಿವೇ ಇಲ್ಲ. ಕಿತ್ತು ಚುಚ್ಚಿದ್ದಾಯಿತು, ಪಕ್ಕದ ಕಿಂಡಿಗೆ ಚುಚ್ಚಿದ್ದಾಯಿತು, ಪಿನ್ನಿಗೆ ಉಫ್ ಎಂದು ಊದಿದ್ದೂ ಆಯಿತು. (ಟೇಪ್ ರೆಕಾರ್ಡರಿನ ಕಾಲದಿಂದ ನಮ್ಮಲ್ಲಿ ಎಲ್ಲ ಯಂತ್ರಕ್ಕೂ ಇದೇ ಮೊದಲ ಚಿಕಿತ್ಸೆ.) ತಪ್ಪು ಕೇಬಲ್ಲಿನದು. ಬಸ್ ಸ್ಟ್ಯಾಂಡಿನ ಗಾಡಿಯಲ್ಲಿ ಸಿಗುವ ಅಗ್ಗದ ಕೇಬಲ್ಲುಗಳಲ್ಲಿ ಎಷ್ಟೋ ಸಲ ಕರೆಂಟಿನ ಎರಡು ತಂತಿ ಬಿಟ್ಟರೆ, ಫೈಲು ದಾಟಿಸಬೇಕಾದ ಇನ್ನೆರಡು ತಂತಿ ಇರುವುದೇ ಇಲ್ಲ. ಜಗಳವಾದ ಮರುದಿನದ ಮನೆಯಂತೆ: ಊಟ ಬಡಿಸುತ್ತಾರೆ, ಮಾತಿಲ್ಲ.

ಮಾತಾಡುವ ಕೇಬಲ್ ಸಿಕ್ಕಿತು ಅನ್ನಿ. ಆಂಡ್ರಾಯ್ಡ್ ಫೋನಾದರೆ ಲಾಕ್ ತೆಗೆದು, ಪರದೆಯನ್ನು ಮೇಲಿಂದ ಕೆಳಕ್ಕೆ ಎಳೆದು, 'ಚಾರ್ಜಿಂಗ್' ಎಂದಿರುವುದನ್ನು ಒತ್ತಿ 'ಫೈಲ್ ಟ್ರಾನ್ಸ್‌ಫರ್' ಮಾಡಬೇಕು. ಆಮೇಲೆ ಇಂಟರ್ನಲ್ ಸ್ಟೋರೇಜ್‌ನಲ್ಲಿ 'ರಿಂಗ್‌ಟೋನ್ಸ್' ಎಂಬ ಫೋಲ್ಡರಿಗೆ ಹಾಡನ್ನು ಎಳೆದು ಬಿಟ್ಟರೆ ಮುಗಿಯಿತು. ಪಕ್ಕದಲ್ಲೇ 'ಅಲಾರಮ್ಸ್', 'ನೋಟಿಫಿಕೇಶನ್ಸ್' ಎಂಬ ಸೋದರರಿದ್ದಾರೆ. ಕೈತಪ್ಪಿ ಅಲ್ಲಿಗೆ ಹಾಕಿದರೆ ರಿಂಗ್‌ಟೋನಿನ ಪಟ್ಟಿಯಲ್ಲಿ ಹುಡುಕಿ ಹುಡುಕಿ ಕಣ್ಣು ನೋವು. ಸರಿಯಾಗಿ ಹಾಕಿಯೂ ಕಾಣದಿದ್ದರೆ ಫೋನನ್ನೊಮ್ಮೆ ಆಫ್ ಮಾಡಿ ಆನ್ ಮಾಡಿ. ಹೊಸ ಫೈಲು ಬಂದಿದ್ದು ಅದಕ್ಕೆ ಕೆಲವೊಮ್ಮೆ ಗೊತ್ತೇ ಆಗಿರುವುದಿಲ್ಲ. ಎರಡು ಸಿಮ್ ಇದ್ದರೆ ಯಾವ ಸಿಮ್ಮಿಗೆ ಯಾವ ಹಾಡು ಎಂದು ಬೇರೆ ಬೇರೆ ಹೇಳಬೇಕಾಗುತ್ತದೆ. ಇಷ್ಟೇ.

ಇಷ್ಟೇ ಅಂದೆ, ಆದರೆ ಹಾಡನ್ನು ಇಡಿಯಾಗಿ ಹಾಕಿದವರ ಫಜೀತಿ ಬೇರೆ. ನಮ್ಮ ದೇಶದಲ್ಲಿ ಮೊಬೈಲು ಎಷ್ಟು ಹೊತ್ತು ಬಡಿದುಕೊಳ್ಳಬೇಕು ಎಂಬುದಕ್ಕೂ ಕಾನೂನಿದೆ. 2019ರ ನವೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಅದನ್ನು 30 ಸೆಕೆಂಡ್ ಎಂದು ಗೊತ್ತುಮಾಡಿತು. ಹಳೆಯ ಹಾಡುಗಳಲ್ಲಿ ಪಿಟೀಲುಗಳ ಗುಂಪು ಎದ್ದು ಬಂದು, ಕೊಳಲೊಂದು ಸುತ್ತು ಹಾಕಿ, ಗಾಯಕರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲೇ 25 ಸೆಕೆಂಡ್ ಕಳೆದಿರುತ್ತದೆ. ಪಲ್ಲವಿಯ ಮೊದಲ ಪದಕ್ಕೆ ಬಾಯಿ ತೆರೆದರು ಅನ್ನುವಾಗ ಮಿಸ್ಡ್ ಕಾಲ್.

ಹಾಗಾಗಿ ಕತ್ತರಿ ಬೇಕು. ಆಡಾಸಿಟಿ ಎಂಬ ಪುಕ್ಕಟೆ ತಂತ್ರಾಂಶ ಸಾಕು. ಪಲ್ಲವಿಯಿಂದ 30 ಸೆಕೆಂಡ್ ಗುರುತು ಮಾಡಿ, ಜೆಡ್ ಕೀಲಿ ಒತ್ತಿ; ಪರದೆಯಲ್ಲಿ ಕಾಣುವ ಧ್ವನಿಯ ಅಲೆ ನಡುವಿನ ಸೊನ್ನೆ ಗೆರೆ ದಾಟುವ ಜಾಗಕ್ಕೆ ಗುರುತು ತಾನೇ ಸರಿದುಕೊಳ್ಳುತ್ತದೆ. ಇದನ್ನು ಮಾಡದಿದ್ದರೆ ಶುರುವಿನಲ್ಲಿ 'ಟಪ್' ಎಂದು ಬೆರಳು ಮುರಿದ ಸದ್ದು. ಕೊನೆಯ ಎರಡು ಸೆಕೆಂಡಿಗೆ ಫೇಡ್ ಔಟ್, ಸದ್ದು ಮೆಲ್ಲಗೆ ಅಡಗಲಿ. 128 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಎಂಪಿ3 ಮಾಡಿದರೆ 30 ಸೆಕೆಂಡಿಗೆ ಸುಮಾರು 480 ಕಿಲೋಬೈಟ್. ಇದಕ್ಕಿಂತ ಶ್ರೇಷ್ಠ ಗುಣಮಟ್ಟ ಬೇಕೆನ್ನುವವರು ಆ ಫೋನಿನ ಸ್ಪೀಕರನ್ನೊಮ್ಮೆ ನೋಡಲಿ, ಉಗುರಿನಷ್ಟಿದೆ. ಮೃದಂಗದ ಎಡಭಾಗದ ಗುಂಕಾರ ಅದರಲ್ಲಿ ಹುಟ್ಟುವುದೇ ಇಲ್ಲ, ತಂಬೂರಿ ಸೊಳ್ಳೆಯಾಗುತ್ತದೆ. ಕೊಳಲು, ನಾಗಸ್ವರ, ತಾರಕದ ಹೆಣ್ಣು ದನಿ: ಇವು ಮಾತ್ರ ಸಂತೆಯಲ್ಲೂ ಕೇಳುತ್ತವೆ. ಜೋರಾಗಲಿ ಎಂದು ಆಂಪ್ಲಿಫೈ ಏರಿಸುತ್ತಾ ಹೋದರೆ ಧ್ವನಿ ಒಡೆದು, ಪಲ್ಲವಿ ಊರಹಬ್ಬದ ಮೈಕಿನಿಂದ ಬಂದಂತಿರುತ್ತದೆ.

ಇನ್ನು ಐಫೋನ್. ಎಳ್ಳಷ್ಟು ಕೆಲಸಕ್ಕೆ ಊರೆಲ್ಲ ಅಲೆಸುವುದು ಹೇಗೆಂದು ಕಲಿಯಬೇಕಿದ್ದರೆ ಅದರ ಹಳೆಯ ಕ್ರಮವನ್ನು ನೋಡಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ಆಪಲ್‌ನ ಹಾಡಿನ ತಂತ್ರಾಂಶ ಐಟ್ಯೂನ್ಸ್ ತೆರೆದು, ಹಾಡಿನ ಮಾಹಿತಿಯಲ್ಲಿ 'ಆಪ್ಷನ್ಸ್'ಗೆ ಹೋಗಿ, ಶುರು ಮತ್ತು ಕೊನೆಯ ಹೊತ್ತು ಬರೆಯುವುದು. 40 ಸೆಕೆಂಡ್ ಮೀರುವಂತಿಲ್ಲ. ಆಮೇಲೆ 'ಫೈಲ್' ಮೆನುವಿನ 'ಕನ್ವರ್ಟ್'ನಲ್ಲಿ 'ಕ್ರಿಯೇಟ್ ಎಎಸಿ ವರ್ಷನ್'. (ಎಎಸಿ ಎಂದರೆ ಎಂಪಿ3ಯಂತೆ ಹಾಡನ್ನು ಕಿರಿದುಮಾಡುವ ಇನ್ನೊಂದು ಬಗೆ.) ಅಲ್ಲಿ ಎಎಸಿ ಬದಲು ಎಂಪಿ3 ಎಂದು ಕಂಡರೆ ಇಂಪೋರ್ಟ್ ಸೆಟ್ಟಿಂಗ್ಸ್ ಬದಲಿಸಿ ಮತ್ತೆ ಬನ್ನಿ. ಈಗ ಅದೇ ಹೆಸರಿನ ಮರಿಹಾಡೊಂದು ಹುಟ್ಟುತ್ತದೆ. ಅದರ ಫೈಲಿನ ಬಾಲ, ಅಂದರೆ ಹೆಸರಿನ ಕೊನೆಯ ಚುಕ್ಕೆಯ ನಂತರದ ಅಕ್ಷರಗಳು, 'ಎಂ4ಎ'. ಫೋನಿಗೆ ಬೇಕಾದ್ದು 'ಎಂ4ಆರ್'.

ವ್ಯತ್ಯಾಸವೇನು? ಒಂದಕ್ಷರ. ಒಳಗಿನ ಹಾಡು ಅದೇ, ಅಳತೆ ಅದೇ, ಒಂದು ಬೈಟೂ ಬದಲಾಗುವುದಿಲ್ಲ. ಪಹಣಿಯಲ್ಲಿ ಶ್ರೀನಿವಾಸಯ್ಯ, ಆಧಾರಿನಲ್ಲಿ ಶ್ರೀನಿವಾಸ. ಮನುಷ್ಯ ಎದುರಿಗೇ ನಿಂತಿದ್ದಾನೆ, 'ಅಯ್ಯ' ತಂದ ಮೇಲೆ ಬನ್ನಿ ಎನ್ನುವ ಕೌಂಟರ್ ಇದು. ಆ ಅಕ್ಷರ ತಿದ್ದಲು ಹೊರಟರೆ ವಿಂಡೋಸ್ ನಡುವೆ ಕೈ ಅಡ್ಡ ಹಾಕುತ್ತದೆ: ಬಾಲ ಬದಲಿಸಿದರೆ ಫೈಲು ಕೆಲಸಕ್ಕೆ ಬಾರದೆ ಹೋದೀತು, ಖಂಡಿತಾ ಬದಲಿಸುತ್ತೀರಾ? ಒಂದು ಯಂತ್ರ ಬದಲಿಸು ಎನ್ನುತ್ತದೆ, ಇನ್ನೊಂದು ಯೋಚಿಸು ಎನ್ನುತ್ತದೆ. ಎದೆ ಗಟ್ಟಿ ಮಾಡಿ 'ಯೆಸ್' ಒತ್ತಬೇಕು.

ಈ ಎಚ್ಚರಿಕೆ ಬಂದರೆ ಪುಣ್ಯ ಅನ್ನಿ. ಬಾರದಿದ್ದರೆ ಇನ್ನೂ ಕಷ್ಟ. ನಾವಾಗಿ ಬದಲಿಸದಿದ್ದರೆ ವಿಂಡೋಸ್ ಫೈಲುಗಳ ಬಾಲವನ್ನು ಬಚ್ಚಿಟ್ಟೇ ತೋರಿಸುತ್ತದೆ. ಕಾಣದ ಬಾಲದ ಮೇಲೆ ನೀವು '.ಎಂ4ಆರ್' ಎಂದು ಬರೆದರೆ ಫೈಲು 'ಹಾಡು.ಎಂ4ಆರ್.ಎಂ4ಎ' ಆಗಿ, ತೋರಿಕೆಗೆ ಆರ್, ನಿಜಕ್ಕೆ ಎ ಆಗಿ ಕೂತಿರುತ್ತದೆ. ಅದನ್ನು ಐಟ್ಯೂನ್ಸಿನಲ್ಲಿ ಕಾಣುವ ಫೋನಿನ ಮೇಲೆ ಎಳೆದು ಬಿಡುತ್ತೀರಿ. ಟೋನುಗಳ ಪಟ್ಟಿಯಲ್ಲಿ ಇಲ್ಲ. ಮತ್ತೆ ಎಳೆಯುತ್ತೀರಿ. ಇಲ್ಲ. ತಪ್ಪು ಯಾವುದೆಂದು ಹೇಳುವವರಿಲ್ಲ, ಬೈದು ಕಳಿಸುವ ಗುಮಾಸ್ತರೂ ಇಲ್ಲ. ಎಕ್ಸ್‌ಪ್ಲೋರರಿನ 'ವ್ಯೂ' ಪಟ್ಟಿಯಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದಕ್ಕೆ ಗುರುತು ಹಾಕಿದ ಮೇಲೆ ಗುಟ್ಟು ರಟ್ಟಾಗುತ್ತದೆ. ಇಷ್ಟಾದ ಮೇಲೂ ಮೂಲ ಹಾಡಿನ ಶುರು-ಕೊನೆ ಅಳಿಸುವುದನ್ನು ಮರೆತರೆ, ಮುಂದಿನ ಭಾನುವಾರ ಆರಾಮಾಗಿ ಕೇಳೋಣವೆಂದು ಹಾಕಿದ ಹಾಡು ಅರ್ಧ ನಿಮಿಷಕ್ಕೇ ನಿಲ್ಲುತ್ತದೆ.

2025ರಲ್ಲಿ ಬಂದ ಐಫೋನಿನ ತಂತ್ರಾಂಶ ಐಒಎಸ್ 26ರಲ್ಲಿ ಫೋನಿನೊಳಗೇ ಪುಟ್ಟ ಫೈಲೊಂದನ್ನು ಶೇರ್ ಗುಂಡಿಯಿಂದ ರಿಂಗ್‌ಟೋನ್ ಮಾಡಿಕೊಳ್ಳುವ ದಾರಿ ಬಂತು. ಮೊದಲ ಐಫೋನ್ ಬಂದದ್ದು 2007ರಲ್ಲಿ. ಅಷ್ಟರಲ್ಲಿ ಕೂಸು ಹುಟ್ಟಿ, ಬೆಳೆದು, ಓಟು ಹಾಕುವ ವಯಸ್ಸಿಗೆ ಬಂದಿತ್ತು.

ಇದಕ್ಕೆಲ್ಲ ಮೊದಲು ಕಂಪ್ಯೂಟರೇ ಬೇಕಿರಲಿಲ್ಲ. ನೋಕಿಯಾ 3310ರಲ್ಲಿ ನಾವೇ ಸ್ವರ ಕೂಡಿಸಿ ರಿಂಗ್‌ಟೋನ್ ಮಾಡಿಕೊಳ್ಳುವ ಕಂಪೋಸರ್ ಇತ್ತು. ಒಂದರಿಂದ ಏಳರವರೆಗಿನ ಗುಂಡಿಗಳೇ ಸಪ್ತಸ್ವರ: 1 ಸ, 2 ರಿ, 3 ಗ. ಎಂಟು ಒತ್ತಿದರೆ ಸ್ವರ ಗಿಡ್ಡ, ಒಂಬತ್ತಕ್ಕೆ ಉದ್ದ, ಸೊನ್ನೆಗೆ ಮೌನ. ಸಂಗೀತದ ಮೇಷ್ಟರ ಹತ್ತಿರ ಸರಳೆ ವರಸೆ ಕಲಿತ ಹುಡುಗಿಯರು ಕಾಲೇಜಿನ ಬಸ್ಸಿನಲ್ಲಿ ಗೆಳತಿಯರ ಫೋನಿಗೆಲ್ಲ ಸ್ವರ ಹಾಕಿಕೊಡುತ್ತಿದ್ದರು. ಕೀಂ ಕೀಂ ಎನ್ನುತ್ತಿತ್ತು, ತಾಳ ಕುಂಟುತ್ತಿತ್ತು. ಆದರೂ ಮನೆಯಲ್ಲಿ ಕೇಳಿದವರಿಗೆ ಇದು ಯಾವ ಹಾಡೆಂದು ಗೊತ್ತಾಗುತ್ತಿತ್ತು, ಯಾರು ಹಾಕಿಕೊಟ್ಟದ್ದೆಂದೂ ಗೊತ್ತಾಗುತ್ತಿತ್ತು.

ಈಗ ಹಾಕಿಸಿಕೊಳ್ಳುವವರು ದೊಡ್ಡಪ್ಪಂದಿರು. ಮನೆಗೊಬ್ಬರು ಇದ್ದೇ ಇರುತ್ತಾರೆ. "ನಾನು ಫೋನ್ ಮಾಡಿದರೆ ಎಲ್ಲರಿಗೂ ಈ ಹಾಡು ಕೇಳಬೇಕು ನೋಡಪ್ಪ" ಎನ್ನುತ್ತಾರೆ. ಅದು ಆಗುವುದಿಲ್ಲ ದೊಡ್ಡಪ್ಪ, ಫೋನ್ ಮಾಡಿದವರಿಗೆ ಕೇಳುವುದು ಕಾಲರ್ ಟ್ಯೂನ್, ಅದೂ ನೀವು ಮಾಡಿದಾಗಲ್ಲ, ನಿಮಗೆ ಅವರು ಮಾಡಿದಾಗ. ಅದಿರುವುದು ಸಿಮ್ ಕಂಪನಿಯವರ ಹತ್ತಿರ, ಕೇಬಲ್ ಅಲ್ಲಿಯವರೆಗೆ ಹೋಗುವುದಿಲ್ಲ ಎಂದು ಮೂರು ಸಲ ಬಿಡಿಸಿ ಹೇಳಬೇಕು. ಕೊನೆಗೆ ರಿಂಗ್‌ಟೋನೇ ಸಾಕೆಂದು ಒಪ್ಪುತ್ತಾರೆ. ಫೋನು ಬಡಿದರೆ ಎತ್ತುವುದಿಲ್ಲ. "ತಡಿ, ಪಲ್ಲವಿ ಮುಗೀಲಿ." ಮುಗಿಯುವಷ್ಟರಲ್ಲಿ ಟ್ರಾಯ್‌ನವರ ಅರ್ಧ ನಿಮಿಷ ಮುಗಿದಿರುತ್ತದೆ. "ಇನ್ನೊಂದಿಷ್ಟು ಉದ್ದ ಮಾಡಿಕೊಡು, ಚರಣ ಸೇರಿಸು" ಎಂದು ಫೋನು ಮತ್ತೆ ನಿಮ್ಮ ಕೈಗೆ.

ಅದೇ ಆದೇಶದಲ್ಲಿ ಮನೆಯ ಲ್ಯಾಂಡ್‌ಲೈನಿಗೆ 60 ಸೆಕೆಂಡ್ ಕೊಟ್ಟಿದ್ದಾರೆ. ಪಲ್ಲವಿ, ಅನುಪಲ್ಲವಿ ಎರಡೂ ಹಿಡಿಯುವಷ್ಟು ಜಾಗ. ಅದಕ್ಕೆ ಕೇಬಲ್ ಚುಚ್ಚುವ ಕಿಂಡಿಯಿಲ್ಲ.