ಹೆದ್ದಾರಿಯಲ್ಲಿ ಮಂಜೊಟ್ಟಿ ಇಲ್ಲ

ಕಂಬಳದ ಕೋಣಕ್ಕೆ ನಮ್ಮೂರಲ್ಲಿ ಇರುವ ಶಿಸ್ತು ನೋಡಬೇಕು ಮಾರಾಯ್ರೆ. ಮೊದಲು ಹಗ್ಗಕ್ಕೆ ಪಳಗಬೇಕು, ಆಮೇಲೆ ನೊಗಕ್ಕೆ, ಆಮೇಲೆ ಕುದಿ ಕಂಬಳದಲ್ಲಿ ಅಭ್ಯಾಸದ ಓಟ. ಕರೆಗೆ, ಅಂದರೆ ಓಟದ ಕೆಸರುಗದ್ದೆಗೆ, ಇಳಿದ ಮೇಲೂ ದೊಡ್ಡ ಕೋಣಗಳ ಜೊತೆ ಬಿಡುವುದಿಲ್ಲ, ನೇಗಿಲು ಕಿರಿಯ ವಿಭಾಗದಲ್ಲಿ ಓಡಿ ತೋರಿಸಬೇಕು. ಹುರುಳಿ ಎಷ್ಟು, ಮೈಗೆ ಎಣ್ಣೆ ಎಷ್ಟು, ಈಜು ಎಷ್ಟು ಹೊತ್ತು, ಎಲ್ಲದಕ್ಕೂ ಲೆಕ್ಕ ಉಂಟು. ಇದೆಲ್ಲಕ್ಕಿಂತ ದೊಡ್ಡ ಸಂಗತಿ ಎಂತ ಅಂದರೆ, ಓಡಿದ ಕೋಣ ಎಲ್ಲಿ ನಿಲ್ಲಬೇಕು ಅಂತ ಕರೆ ಕಟ್ಟಿದವರು ಮೊದಲೇ ಯೋಚಿಸಿರುತ್ತಾರೆ. ಕರೆಯ ತುದಿಯಲ್ಲಿ ಏರು ಕೊಟ್ಟ ಮಂಜೊಟ್ಟಿ ಅದಕ್ಕೇ ಇರುವುದು.

ಕೋಣ ಸಾಕಿದ ಅದೇ ಮನೆಯ ಮಗನಿಗೆ ಹದಿನೆಂಟು ತುಂಬಿತು. ಕೇಕ್ ಕತ್ತರಿಸಿದ ಕೈಗೆ ಎಸ್‌ಯುವಿಯ ಕೀ. ಕಿರಿಯ ವಿಭಾಗ ಎಲ್ಲ ಕೋಣಗಳಿಗೆ, ಇವನು ನೇರ ಹಿರಿಯ. ಕರೆ: ರಾಷ್ಟ್ರೀಯ ಹೆದ್ದಾರಿ 66. ಪಕ್ಕದ ಜೋಡಿ: ಉಡುಪಿಗೆ ಟೈಮಿಂಗ್ ಹಿಡಿಯಲು ಓಡುವ ಎಕ್ಸ್‌ಪ್ರೆಸ್ ಬಸ್. ಮಂಜೊಟ್ಟಿ: ಎದುರಿನ ಲಾರಿ.

"ಅವನಿಗೆ ಎಂತ ಕಲಿಸುವುದು, ಒಂಬತ್ತನೇ ಕ್ಲಾಸಿನಲ್ಲೇ ಸ್ಟೇರಿಂಗಿಗೆ ಕೈ ಕೂತಿದೆ" ಅನ್ನುವುದು ಅಪ್ಪನ ಹೆಮ್ಮೆ. ಈ ಹೆಮ್ಮೆಗೆ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯಲ್ಲಿ ಬೆಲೆ ಕಟ್ಟಿದ್ದಾರೆ. ಹದಿನೆಂಟು ತುಂಬದ ಹುಡುಗನ ತಪ್ಪಿಗೆ ಅಪ್ಪನಿಗೆ ಅಥವಾ ಗಾಡಿ ಮಾಲಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ರಿಜಿಸ್ಟ್ರೇಶನ್ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. "ನಮ್ಮ ಒಳ ರಸ್ತೆ ಅಲ್ವಾ" ಎಂಬ ವಿನಾಯಿತಿ ಆ ಕಾಯಿದೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕ್ರಮಪ್ರಕಾರ ಕಲಿತವರ ಕತೆಯೂ ಬಹಳ ಬೇರೆಯಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಸಾರ್‌ನ ಕಾಲ ಬುಡದಲ್ಲೂ ಒಂದು ಕ್ಲಚ್, ಒಂದು ಬ್ರೇಕ್. ಬ್ರೇಕ್ ಒತ್ತಿದ್ದು ತಾನೇ ಅಂತ ಶಿಷ್ಯ ತಿಳಿದಿರುತ್ತಾನೆ, ನಿಲ್ಲಿಸಿದ್ದು ಸಾರ್. ವೇಗ ಮೂವತ್ತು ದಾಟುವುದಿಲ್ಲ. ಪರೀಕ್ಷೆಯ ದಿನ ನಿಧಾನಕ್ಕೆ ತಿರುಗಿಸಿ, ಹಿಂದಕ್ಕೆ ತೆಗೆದು ತೋರಿಸಿದರೆ ಮುಗಿಯಿತು, ಕಾರ್ಡ್ ಮನೆಗೆ ಬರುತ್ತದೆ. ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗಾಗಿ 2021ರಲ್ಲಿ ಬಂದ ನಿಯಮದಲ್ಲಿ ಕಾರಿಗೆ ಒಟ್ಟು 29 ಗಂಟೆಯ ಪಾಠ, ಅದರಲ್ಲಿ 21 ಗಂಟೆ ಗಾಡಿಯಲ್ಲೇ ಕೂತು ಕಲಿಯಬೇಕು. ಇಪ್ಪತ್ತೊಂದು ಗಂಟೆ ಅಂದ ಕೂಡಲೇ ನಮ್ಮವರಿಗೆ ತಲೆಸುತ್ತು. ರಾತ್ರಿಯಿಡೀ ಯಕ್ಷಗಾನಕ್ಕೆ ಕೂರುವವರಿಗೆ ಅದು ಎರಡೂವರೆ ಆಟದ ಲೆಕ್ಕ.

ಹಾಗಾಗಿ ನಮ್ಮ ಜಿಲ್ಲೆಗಳಲ್ಲಿ ಮಕ್ಕಳು ಜೀವಮಾನದಲ್ಲಿ ಮೊದಲ ಸಲ ಬ್ರೇಕನ್ನು ಪೂರ್ತಿ ಒತ್ತುವುದು ಯಾವಾಗ ಅಂದರೆ, ದನ ಅಡ್ಡ ಬಂದಾಗ. ಹೆಸರಿಡಲು, ಅನ್ನ ಉಣಿಸಲು, ಅಕ್ಷರ ಬರೆಸಲು, ಗೆಜ್ಜೆ ಕಟ್ಟಲು ಎಲ್ಲದಕ್ಕೂ ಮುಹೂರ್ತ ನೋಡುವ ಊರು ಇದು. ಪ್ರಥಮ ಬ್ರೇಕಿಗೂ ಒಂದು ಮುಹೂರ್ತ ಇಟ್ಟರೆ ಏನು ಹೋಗುತ್ತದೆ?

ಖರ್ಚು ಕಡಿಮೆ. ಒಂದು ಭಾನುವಾರ ಬೆಳಿಗ್ಗೆ, ನೂರೈವತ್ತು ಮೀಟರಿಗೆ ಕಮ್ಮಿಯಿಲ್ಲದ ಸಮತಟ್ಟಾದ ಕಾಂಕ್ರೀಟ್ ಅಂಗಳ, ಸುತ್ತ ಮರ, ಕಂಬ ಇರಬಾರದು. ಇಪ್ಪತ್ತು ರಬ್ಬರ್ ಕೋನ್, ಒಂದು ಟ್ಯಾಂಕರ್ ನೀರು, ವಿಷಯ ಗೊತ್ತಿದ್ದ ಒಬ್ಬ ಸಾರ್. ಶಾಮಿಯಾನ ಬೇಕಾದರೆ ಹಾಕಿ, ಭಾಷಣ ಬೇಡ.

ಮೊದಲ ಅರ್ಧ ಗಂಟೆ ಗಾಡಿ ಚಾಲೂ ಮಾಡುವುದೇ ಇಲ್ಲ. ಮಲಗಿದ ಹಾಗೆ ಸೀಟು ಹಿಂದೆ ತಳ್ಳಿ ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿಯುವ ಶೈಲಿ ಉಂಟಲ್ಲ, ಅದರಲ್ಲಿ ಬ್ರೇಕ್ ಪೂರ್ತಿ ಒತ್ತಲು ಕಾಲಿಗೆ ಬಲ ಸಿಗುವುದಿಲ್ಲ. ಪೆಡಲ್ ತಳಕ್ಕೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಚಿಯೇ ಇರಬೇಕು. ಬೆನ್ನು ಸೀಟಿಗೆ ಅಂಟಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ತಲೆಯ ಮೇಲೆ ಕೂರಬೇಕು. ಎದೆಗೂ ಸ್ಟೇರಿಂಗಿಗೂ ಒಂದು ಅಡಿ ಅಂತರ, ಇಲ್ಲದಿದ್ದರೆ ಏರ್‌ಬ್ಯಾಗ್ ಉಬ್ಬುವುದಕ್ಕೇ ಜಾಗ ಇಲ್ಲ. ಕೈ ಗಡಿಯಾರದ ಒಂಬತ್ತು ಮತ್ತು ಮೂರರಲ್ಲಿ. ಆಮೇಲೆ ಸೀಟಿನ ಅಡಿಗೆ ಕೈ ಹಾಕಿ ಅಲ್ಲಿರುವುದನ್ನೆಲ್ಲ ಹೊರಗೆ ತೆಗೆಯಬೇಕು: ನೀರಿನ ಬಾಟಲಿ, ಒಂದು ಚಪ್ಪಲಿ, ಅಜ್ಜಿ ಮನೆಯಿಂದ ತಂದು ಮರೆತ ತೆಂಗಿನಕಾಯಿ. ಜೋರು ಬ್ರೇಕ್ ಹಾಕಿದಾಗ ಇವೆಲ್ಲ ಉರುಳಿ ಮುಂದೆ ಬರುತ್ತವೆ. ಪೆಡಲಿನ ಹಿಂದೆ ತೆಂಗಿನಕಾಯಿ ಸಿಕ್ಕಿಕೊಂಡರೆ ಅದನ್ನು ಒಡೆಯುವುದು ದೇವಸ್ಥಾನದಲ್ಲಿ ಅಲ್ಲ.

ಪೂಜೆಯ ದಿನ ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಡುತ್ತೇವಲ್ಲ, ಅಪ್ಪಚ್ಚಿಯಾದ ಆ ಗುರುತನ್ನು ಬಗ್ಗಿ ನೋಡಿ. ಟಯರು ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಒಂದು ಅಂಗೈ ಅಗಲ. ಟನ್ನಿಗೂ ಮಿಕ್ಕಿದ ಗಾಡಿ, ಒಳಗೆ ಐದು ಜನ ಸ್ನೇಹಿತರು, ಎಲ್ಲರನ್ನೂ ಆಟಿ ತಿಂಗಳ ಮಳೆಯಲ್ಲಿ ಹಿಡಿದು ನಿಲ್ಲಿಸುವುದು ಈ ನಾಲ್ಕು ಅಂಗೈ. ಕಾನೂನಿನ ಪ್ರಕಾರ ಟಯರಿನ ಗೀರು 1.6 ಮಿಲಿಮೀಟರಿಗೆ ಇಳಿದರೆ ಬದಲಿಸಬೇಕು. ನಮ್ಮ ಮಳೆಗೆ ಮೂರರಲ್ಲೇ ಬದಲಿಸುವವ ಬುದ್ಧಿವಂತ. ಹನ್ನೆರಡು ಸಾವಿರದ ಸ್ಪೀಕರ್ ಕೂರಿಸಿದವನಿಗೆ ಟಯರಿನ ರೇಟು ಕೇಳಿದರೆ ಮಾತ್ರ ಎದೆನೋವು.

ಇನ್ನು ಬ್ರೇಕ್. ನಲವತ್ತರಲ್ಲಿ ಬಂದು, ಕೋನ್ ದಾಟುತ್ತಲೇ ಪೆಡಲ್ ಮುರಿಯಬೇಕು ಅನ್ನುವ ಹಾಗೆ ಒತ್ತಬೇಕು, ಜೊತೆಗೆ ಕ್ಲಚ್. ಗಾಡಿ ನಿಲ್ಲುವವರೆಗೆ ಕಾಲು ತೆಗೆಯುವಂತಿಲ್ಲ. ಆಮೇಲೆ ಐವತ್ತು, ಅರವತ್ತು. ಹೆಚ್ಚಿನ ಮಕ್ಕಳು ತಪ್ಪುವುದು ಒಂದೇ ಕಡೆ: ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಕೆಲಸ ಶುರು ಮಾಡಿದಾಗ ಪೆಡಲ್ ಗರಗರ ನಡುಗುತ್ತದೆ, ಏನೋ ಮುರಿಯಿತು ಅಂತ ಹೆದರಿ ಕಾಲು ಎತ್ತುತ್ತಾರೆ. ಚಕ್ರ ಪೂರ್ತಿ ಲಾಕ್ ಆದರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಗಾಡಿ ನೇರವೇ ಹೋಗುತ್ತದೆ. ಲಾಕ್ ಆಗದ ಹಾಗೆ ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡುವುದರಿಂದಲೇ ಆ ನಡುಕ. ಅದು ರೋಗವಲ್ಲ, ದೈವದ ದರ್ಶನದ ಆವೇಶದ ಹಾಗೆ, ಬಂದಾಗ ತಡೆಯಬಾರದು. ಬ್ರೇಕ್ ಒತ್ತಿ ಹಿಡಿದೇ ಪಕ್ಕಕ್ಕೆ ತಿರುಗಿಸಿ ತಪ್ಪಿಸಿಕೊಳ್ಳಬಹುದು, ಕಣ್ಣು ಮಾತ್ರ ಖಾಲಿ ಜಾಗದ ಮೇಲಿರಬೇಕು. ದನವನ್ನೇ ನೋಡಿದರೆ ಕೈ ದನದ ಕಡೆಗೇ ಹೋಗುತ್ತದೆ.

ಟ್ಯಾಂಕರ್ ನೀರು ಚೆಲ್ಲಿ ಇನ್ನೊಮ್ಮೆ. ಅರವತ್ತರಲ್ಲಿ ಗಾಡಿ ಸೆಕೆಂಡಿಗೆ ಹದಿನೇಳು ಮೀಟರ್ ಹೋಗುತ್ತದೆ. ಕಂಡು, ಅರ್ಥವಾಗಿ, ಕಾಲು ಪೆಡಲಿಗೆ ಬರುವಷ್ಟರಲ್ಲಿ ಇಪ್ಪತ್ತೈದು ಮೀಟರ್ ಮುಗಿದಿರುತ್ತದೆ. ಗಾಡಿ ನಿಲ್ಲಲು ಒಣ ರಸ್ತೆಯಲ್ಲಿ ಒಟ್ಟು ನಲವತ್ತೈದು ಮೀಟರಿನ ಆಸುಪಾಸು, ಒದ್ದೆಯಲ್ಲಿ ಅರವತ್ತು ಮೀಟರ್. ನೂರರ ವೇಗಕ್ಕೆ ಒದ್ದೆ ರಸ್ತೆಯಲ್ಲಿ ಸುಮಾರು 140 ಮೀಟರ್ ಬೇಕು, ಅಂದರೆ ಒಂದು ಇಡೀ ಕರೆ. ಪಡುಬಿದ್ರಿಯಲ್ಲಿ ಮುಂದಿನ ಗಾಡಿಯ ನಂಬರ್ ಪ್ಲೇಟಿಗೆ ಮೂಗು ತಾಗಿಸಿ, ಮಳೆ ಬಂತು ಅಂತ ನಾಲ್ಕೂ ಇಂಡಿಕೇಟರ್ ಹಾಕಿ ಹೋಗುವವರಿಗೆ ಆ ಕರೆ ಎಲ್ಲಿ ಸಿಗುತ್ತದೋ. ನಾಲ್ಕೂ ಮಿಟುಕಿದರೆ ಎಡಕ್ಕೆ ತಿರುಗುತ್ತಾನೋ ಬಲಕ್ಕೋ ಹಿಂದಿನವನಿಗೆ ಗೊತ್ತಾಗುವುದಿಲ್ಲ ಎಂಬುದು ಬೇರೆ.

ನಮ್ಮ ಊರಿಗೇ ಅಂತ ಇನ್ನೊಂದು ಪಾಠ ಬೇಕು. ಡಾಮರಿನ ಮೇಲೆ ಡಾಮರು ಹಾಕಿ ಒಳ ರಸ್ತೆಗಳ ಅಂಚು ಅರ್ಧ ಗೇಣು ಎತ್ತರ ನಿಂತಿದೆ. ಬಸ್ಸಿಗೆ ಸೈಡ್ ಕೊಡಲು ಹೋಗಿ ಎಡ ಚಕ್ರ ಕೆಳಗೆ ಇಳಿಯುತ್ತದೆ. ಗಾಬರಿಯಾಗಿ ಸ್ಟೇರಿಂಗ್ ಬಲಕ್ಕೆ ಎಳೆದರೆ ಟಯರಿನ ಪಕ್ಕೆ ಅಂಚಿಗೆ ಉಜ್ಜುತ್ತಲೇ ಇರುತ್ತದೆ, ಮೇಲೆ ಹತ್ತುವುದಿಲ್ಲ. ಇನ್ನಷ್ಟು ಎಳೆಯುತ್ತಾನೆ. ಹತ್ತಿದ ಕ್ಷಣ ಚಕ್ರ ಪೂರ್ತಿ ಬಲಕ್ಕೆ ತಿರುಗಿಯೇ ಇರುವುದರಿಂದ ಗಾಡಿ ಹಾರಿ ಎದುರಿನ ಸಾಲಿಗೆ. ಮಾಡಬೇಕಾದದ್ದು ಇಷ್ಟೇ: ಸ್ಟೇರಿಂಗ್ ನೇರ ಹಿಡಿದು ಅಲ್ಲೇ ಕೆಳಗೆ ಹೋಗಲಿ, ಆಕ್ಸಿಲರೇಟರ್ ಬಿಟ್ಟು ವೇಗ ಇಳಿಸಿ, ಹಿಂದೆ ಮುಂದೆ ನೋಡಿ, ನಿಧಾನಕ್ಕೆ ಹತ್ತಿಸಿ. ಸೈಡ್ ಕೊಟ್ಟು ಎರಡು ನಿಮಿಷ ಕೆಳಗೆ ಇದ್ದರೆ ಮಾನ ಹೋಗುವುದಿಲ್ಲ.

ಆಗುಂಬೆಯ ಹದಿನಾಲ್ಕು ತಿರುವನ್ನು ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಮಾವಂದಿರ ವಿಚಾರ ಹೇಳಿ ಪ್ರಯೋಜನ ಇಲ್ಲ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಕಾಲು ತೆಗೆದರೆ ಪೆಟ್ರೋಲ್ ಪೂರೈಕೆಯೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲೇ ಖರ್ಚು. ಕಾದು ಕೆಂಪಾದ ಬ್ರೇಕ್ ಅದರ ಮೇಲಿನ ಬಡ್ಡಿ.

ಸಮಾರಂಭದ ಕೊನೆಯ ಐಟಂ ಮಾತ್ರ ತಪ್ಪಿಸಬಾರದು. ಮಕ್ಕಳೆಲ್ಲ ಮುಗಿಸಿದ ಮೇಲೆ ಅದೇ ಗಾಡಿಗೆ ಅಪ್ಪಂದಿರನ್ನು ಕೂರಿಸಬೇಕು. ಇಪ್ಪತ್ತೈದು ವರ್ಷದ ಅನುಭವ, ಐವತ್ತರ ವೇಗ, ಮೂರು ಮೀಟರ್ ಅಗಲದ ಗೇಟು, ಒದ್ದೆ ನೆಲ. ಅಪ್ಪ ಬ್ರೇಕ್ ಒತ್ತುತ್ತಾರೆ, ಪೆಡಲ್ ನಡುಗುತ್ತದೆ, ಕಾಲು ಎತ್ತುತ್ತಾರೆ, ನಾಲ್ಕು ಕೋನ್ ಅಡ್ಡ ಬೀಳುತ್ತದೆ, ಒಂದು ಬಂಪರಿನ ಅಡಿ ಸಿಕ್ಕಿ ಅಂಗಳದ ತುದಿವರೆಗೆ ಬರುತ್ತದೆ. ಅಪ್ಪ ಇಳಿದು, ಪ್ಯಾಂಟ್ ಸರಿ ಮಾಡಿ, ಸಾರ್‌ನ ಕಡೆ ತಿರುಗಿ ಹೇಳುತ್ತಾರೆ: "ನೀವು ಕೋನ್ ಇಟ್ಟದ್ದೇ ಸರಿ ಇಲ್ಲ."