ಬಾಲಿಯಲ್ಲಿ ಕಾರು ಮಾಡಿಕೊಳ್ಳುವವರಿಗೆ ಒಂದು ಮಾತು

ಈ ತಿಂಗಳಲ್ಲಿ ಮೂರು ಜನ ಇನ್‌ಬಾಕ್ಸಿಗೆ ಬಂದು ಒಂದೇ ಪ್ರಶ್ನೆ ಕೇಳಿದರು. ಬಾಲಿಗೆ ಹೊರಟಿದ್ದೀವಿ, ಪ್ರೈವೇಟ್ ಕಾರು ಮಾಡಿಕೊಂಡರೆ ಒಂದು ದಿನಕ್ಕೆ ಎಷ್ಟು ಜಾಗ ನೋಡಬಹುದು ಅಂತ. ಮೂರು ಸಲ ಅದನ್ನೇ ಟೈಪ್ ಮಾಡಿ ಬೆರಳು ನೋವು ಬಂತು, ಹಾಗಾಗಿ ಇಲ್ಲೇ ಬರೆದುಬಿಡುತ್ತೇನೆ. ನನ್ನ ಉತ್ತರ ಎರಡು. ಗಟ್ಟಿ ಜೀವ ಆದರೆ ಮೂರು. ನಾಲ್ಕನೇದು ಇದೆ ಅಂತ ಯಾರಾದರೂ ಹೇಳಿದರೆ ಅದು ಜಾಗ ಅಲ್ಲ, ಅಂಗಡಿ.

ನಾವು ಹೋಗಿದ್ದು ಕಳೆದ ವರ್ಷ ಮೇನಲ್ಲಿ, ಮಗಳ ಶಾಲೆಗೆ ರಜೆ ಇದ್ದಾಗ. ನಾನು, ನಮ್ಮೆಜಮಾನ್ರು, ಮಗಳು, ಜೊತೆಗೆ ಅಪ್ಪ ಅಮ್ಮ. ಅಪ್ಪನಿಗೆ 71. ಕೋಲಾರದ ಕಡೆ ಕೆರೆ ಕೆಳಗಿನ ಗದ್ದೆ ಮಾಡಿಕೊಂಡು ಬೆಳೆದವರು, ಪಾಸ್‌ಪೋರ್ಟ್ ಮಾಡಿಸಿದ್ದೇ ಮೊದಲ ಸಲ. ಇಲ್ಲಿನ ಒಬ್ಬ ಏಜೆಂಟರ ಹತ್ತಿರ ಬುಕ್ ಮಾಡಿದ್ದೆವು. 'ಕಸ್ಟಮೈಸ್ಡ್ ಪ್ರೈವೇಟ್ ಟೂರ್' ಅಂತ ದೊಡ್ಡ ಅಕ್ಷರದಲ್ಲಿ ಒಂದು ಪಿಡಿಎಫ್ ಕಳಿಸಿದರು. ಅದರಲ್ಲಿ ಕಸ್ಟಮೈಸ್ ಆಗಿದ್ದು ಏನು ಅಂದರೆ, ಮೇಲೆ ನಮ್ಮೆಜಮಾನ್ರ ಹೆಸರು ಟೈಪ್ ಮಾಡಿದ್ದರು. ಅಷ್ಟೇ.

ಮೊದಲ ದಿನ ಏಳು ಜಾಗ. ಬೆಳಗಿನ ಜಾವ ನಾಲ್ಕೂವರೆಗೆ ನಾವು ಉಳಿದುಕೊಂಡಿದ್ದ ಉಬುದ್ ಊರಿನಿಂದ ಹೊರಟೆವು. ನಮ್ಮ ಲೆಕ್ಕದಲ್ಲಿ ಅದು ರಾತ್ರಿ ಎರಡು ಗಂಟೆ, ಯಾಕಂದರೆ ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದೆ. ದ್ವೀಪದ ಪೂರ್ವದಲ್ಲಿ ಒಂದು ದೇವಸ್ಥಾನದ ಗೇಟು ಇದೆ, ಎರಡು ಕಂಬದ ಮಧ್ಯೆ ನಿಂತರೆ ಹಿಂದೆ ಆಗುಂಗ್ ಬೆಟ್ಟ, ಕೆಳಗೆ ನೀರಿನಲ್ಲಿ ನಿಮ್ಮ ಪ್ರತಿಬಿಂಬ. ಇನ್‌ಸ್ಟಾಗ್ರಾಮ್‌ನಲ್ಲಿ ನೀವೆಲ್ಲ ನೋಡಿರ್ತೀರಿ. ಅಲ್ಲಿ ಟೋಕನ್ ತಗೊಂಡು ಎರಡು ಗಂಟೆ ಕೂತಮೇಲೆ ಗೊತ್ತಾಯಿತು, ನೀರೇ ಇಲ್ಲ. ಫೋಟೋ ತೆಗೆಯುವವನು ಮೊಬೈಲಿನ ಕೆಳಗೆ ಒಂದು ಕನ್ನಡಿ ಹಿಡಿಯುತ್ತಾನೆ. ಅಮ್ಮ ಸುಮ್ನೆ ನಕ್ಕರು. ಅಪ್ಪ ಮಾತ್ರ, 'ಈ ಕನ್ನಡಿ ನಮ್ಮನೇಲೂ ಇತ್ತಲ್ಲಮ್ಮ' ಅಂದರು.

ಆಮೇಲೆ ಓಟ. ಒಂದು ಕೊಳ, ಒಂದು ಉಯ್ಯಾಲೆ, ಒಂದು ಕಾಫಿ ತೋಟ. ಕಾಫಿ ತೋಟ ನಮ್ಮ ಪಿಡಿಎಫ್‌ನಲ್ಲಿ ಇರಲೇ ಇಲ್ಲ, ಆದರೂ ಅಲ್ಲೇ ಜಾಸ್ತಿ ಹೊತ್ತು ನಿಲ್ಲಿಸಿದರು. ಪುಟ್ಟ ಪುಟ್ಟ ಲೋಟದಲ್ಲಿ ಹತ್ತು ಹನ್ನೆರಡು ಥರ ಕುಡಿಯೋಕೆ ಕೊಡುತ್ತಾರೆ, ಪುಕ್ಕಟೆ. ಕುಡಿದಮೇಲೆ ದಾರಿ ಅಂಗಡಿಯೊಳಗೇ ಹೋಗುತ್ತೆ. ಲುವಾಕ್ ಕಾಫಿ ಅಂದರೆ ಪುನುಗು ಬೆಕ್ಕು ಹಣ್ಣು ತಿಂದು ಹಾಕಿದ ಬೀಜ. ಬೋನಿನಲ್ಲಿ ಎರಡು ಬೆಕ್ಕು ಮುದುಡಿ ಮಲಗಿದ್ದವು, ಅದು ರಾತ್ರಿ ಓಡಾಡೋ ಪ್ರಾಣಿ, ಹಗಲೆಲ್ಲ ಜನ ಬಂದು ಇಣುಕುತ್ತಾರೆ. 'ಕಾಡಲ್ಲಿ ಬಿದ್ದಿದ್ದನ್ನ ಆರಿಸ್ತಾರೆ ಅಂದ್ರೆ ಸರಿ, ಬೋನಲ್ಲಿ ಯಾಕಿಟ್ಟವ್ರೆ?' ಅಂತ ಅಪ್ಪ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಕೋಚಕ್ಕೆ ಒಂದು ಪೊಟ್ಟಣ ವೆನಿಲಾ ಕಾಫಿ ತಗೊಂಡೆವು, ಅದು ಇವತ್ತಿಗೂ ಫ್ರಿಜ್ಜಿನ ಬಾಗಿಲಲ್ಲಿದೆ.

ಇದರಲ್ಲಿ ನನಗೆ ನಿಜವಾಗಿ ಬೇಜಾರಾಗಿದ್ದು ತೀರ್ಥ ಎಂಪುಲ್ ವಿಷಯ. ಕ್ರಿ.ಶ. 962ರ ಕಾಲದ ದೇವಸ್ಥಾನ ಅದು, ನೆಲದಿಂದ ಉಕ್ಕುವ ನೀರನ್ನು ಸಾಲು ಬಾಯಿಗಳಿಂದ ಕೊಳಕ್ಕೆ ಬಿಟ್ಟಿದ್ದಾರೆ. ಜನ ಪಂಚೆ ಉಟ್ಟು ಒಂದೊಂದು ಬಾಯಿಗೂ ತಲೆಯೊಡ್ಡಿ ಮುಂದೆ ಹೋಗುತ್ತಾರೆ. ಅಮ್ಮನಿಗೆ ಇದಕ್ಕಿಂತ ಇನ್ನೇನು ಬೇಕು. ಆದರೆ ನಮಗೆ ಸಿಕ್ಕಿದ್ದು 25 ನಿಮಿಷ, ಡ್ರೈವರ್ ಪಾರ್ಕಿಂಗ್‌ನಲ್ಲೇ ಉಳಿದರು, ಒಳಗೆ ಹೇಳುವವರು ಯಾರೂ ಇಲ್ಲ. ಆ ಸಾಲಿನಲ್ಲಿ ಒಂದೆರಡು ಬಾಯಿ ಸತ್ತವರ ಕರ್ಮಕ್ಕೆ ಮೀಸಲು, ಅಲ್ಲಿ ಬದುಕಿರೋರು ತಲೆ ಕೊಡಬಾರದು. ಅಮ್ಮ ಒಂದನ್ನೂ ಬಿಡಲಿಲ್ಲ, ಅಚ್ಚುಕಟ್ಟಾಗಿ ಎಲ್ಲದಕ್ಕೂ ತಲೆ ಒಡ್ಡಿ ಬಂದರು. ರಾತ್ರಿ ಹೋಮ್‌ಸ್ಟೇಯವರು ಹೇಳಿದಾಗ ಗೊತ್ತಾಗಿದ್ದು. ಆ ರಾತ್ರಿ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ ಅಂದರೆ ನೀವು ನಗಬಹುದು, ನನಗೆ ನಗು ಬರಲಿಲ್ಲ. ಅದಕ್ಕೇ ಹೇಳೋದು, ಡ್ರೈವರ್ ಬೇರೆ, ಗೈಡ್ ಬೇರೆ. ನಿಮ್ಮ ಜೊತೆ ಒಳಗೆ ಬರುವವರು ಇದ್ದಾರಾ ಇಲ್ವಾ ಅಂತ ಮೊದಲೇ ಬಾಯಿಬಿಟ್ಟು ಕೇಳಿ.

ಆ ರಾತ್ರಿ ಏಜೆಂಟರಿಗೆ ಫೋನ್ ಮಾಡಿ ಮಿಕ್ಕಿದ ಟೂರ್ ಬೇಡ ಅಂದೆ. ದುಡ್ಡು ವಾಪಸ್ ಬರಲಿಲ್ಲ, ಅದು ಬೇರೆ ಕಥೆ, ಬಿಡಿ. ಹೋಮ್‌ಸ್ಟೇಯವರ ಪರಿಚಯದ ಒಬ್ಬ ಡ್ರೈವರ್ ಸಿಕ್ಕಿದರು. ಹತ್ತು ಗಂಟೆಯ ಬಾಡಿಗೆ ಏಳು ಲಕ್ಷ. ಅಪ್ಪ ಕುರ್ಚಿಯಿಂದ ಎದ್ದೇ ಬಿಟ್ಟರು. ಅದು ಇಂಡೋನೇಷ್ಯಾದ ರುಪಾಯ ಅಪ್ಪ, ನಮ್ಮ ದುಡ್ಡಲ್ಲಿ ನಾಲ್ಕು ಸಾವಿರದೊಳಗೆ ಅಂತ ಹೇಳಿ ಕೂರಿಸಿದೆ. ಅಲ್ಲಿ ಒಂದು ಲಕ್ಷದ ನೋಟೇ ಇದೆ, ಕೆಂಪು ಬಣ್ಣದ್ದು. ವಾರದ ಕೊನೆಗೆ ಅಪ್ಪ ಜೇಬಲ್ಲಿ ಮೂರು ಲಕ್ಷ ಇಟ್ಟುಕೊಂಡು ಎಳನೀರು ಕುಡಿಯೋಕೆ ಹೋಗ್ತಿದ್ದರು.

ಮರುದಿನ ಎಂಟು ಗಂಟೆಗೆ ಬಂದವರನ್ನು ನಾವು ಬ್ಲಿ ಅಂತಲೇ ಕರೆದೆವು. ಬಾಲಿ ಭಾಷೆಯಲ್ಲಿ ಹಾಗಂದರೆ ಅಣ್ಣ. ಅವರು ಅಪ್ಪನನ್ನು ಬಾಪಾಕ್ ಅಂದರು, ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಸರು ಹೇಳಿದ ಕೂಡಲೇ ಮೂರನೇ ಮಗು ಅಂತ ಗೊತ್ತಾಯಿತು, ಅಲ್ಲಿ ಹುಟ್ಟಿದ ಕ್ರಮಕ್ಕೆ ಹೆಸರು ಇಡುತ್ತಾರೆ, ನಾಲ್ಕು ಮುಗಿದರೆ ಐದನೇ ಮಗುವಿಗೆ ಮತ್ತೆ ಮೊದಲನೇ ಹೆಸರು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ತೆಂಗಿನ ಗರಿಯ ಅಂಗೈಯಗಲದ ತಟ್ಟೆ. ಅದರಲ್ಲಿ ಬಿಳಿ, ಕೆಂಪು, ಹಳದಿ, ನೀಲಿ ಹೂವು, ಒಂದು ಚೂರು ಬಿಸ್ಕತ್ತು, ಉರಿದು ಮುಗಿದ ಊದುಬತ್ತಿ ಕಡ್ಡಿ. ಚನಾಂಗ್ ಅನ್ನುತ್ತಾರೆ. ಬಿಳಿ ಪೂರ್ವಕ್ಕೆ, ಕೆಂಪು ದಕ್ಷಿಣಕ್ಕೆ, ಹಳದಿ ಪಶ್ಚಿಮಕ್ಕೆ, ನೀಲಿ ಉತ್ತರಕ್ಕೆ. ಅಮ್ಮ ತಮ್ಮ ಬ್ಯಾಗಿನಿಂದ ಒಂದು ಚಿಟಿಕೆ ಕುಂಕುಮ ತೆಗೆದು ಅದಕ್ಕಿಟ್ಟರು. ಬ್ಲಿ ಏನೂ ಅನ್ನಲಿಲ್ಲ. ನೀರಿನ ಬಾಯಿ ವಿಷಯವನ್ನೂ ಅಮ್ಮ ಅವರ ಮುಂದೆ ತೋಡಿಕೊಂಡರು, ನನ್ನ ಮೂಲಕ. ಗೊತ್ತಿಲ್ಲದೆ ಮಾಡಿದ್ದು ದೇವರು ಲೆಕ್ಕ ಇಡಲ್ಲ ಅಂದರು ಅವರು. ಅವತ್ತು ಮಧ್ಯಾಹ್ನ ಅಮ್ಮ ಊಟ ಮಾಡಿದರು.

ಹತ್ತುವ ಮುಂಚೆಯೇ ನಾನು ಎರಡು ಮಾತು ಹೇಳಿದ್ದೆ. ಅಂಗಡಿ ಬೇಡ, ಕಾಫಿ ತೋಟ ಬೇಡ, ನಿಮಗೆ ಅಲ್ಲಿ ಸಿಗೋ ಕಮಿಷನ್ ಎಷ್ಟೋ ಅದನ್ನ ನಮ್ಮ ಹತ್ತಿರವೇ ಸೇರಿಸಿ ತಗೊಳ್ಳಿ. ಇದನ್ನು ಹೇಳೋಕೆ ಮುಜುಗರ ಆಗುತ್ತೆ, ಆದರೆ ಹೇಳಿ. ಡ್ರೈವರ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಏಜೆಂಟರು ದಿನದ ಬಾಡಿಗೆಯನ್ನು ಅಷ್ಟು ಕೆಳಕ್ಕೆ ತಳ್ಳಿದರೆ ಅವರು ಇನ್ನೆಲ್ಲಿ ಸಂಪಾದಿಸಬೇಕು? ಎರಡನೇ ಮಾತು, ನೀವು ಊಟ ಮಾಡುವ ಜಾಗದಲ್ಲೇ ನಮಗೂ ಊಟ.

ಯೋಜನೆ ಮೂರು ಜಾಗದ್ದು. ಜತಿಲುವಿಹ್ ಗದ್ದೆ, ಬೆಟ್ಟದ ಮೇಲೆ ಬೆರಾತಾನ್ ಕೆರೆಯ ದೇವಸ್ಥಾನ, ಸಂಜೆಗೆ ಸಮುದ್ರದ ಬಂಡೆ ಮೇಲಿನ ದೇವಸ್ಥಾನ ತನಾ ಲೋಟ್. ನಮ್ಮೆಜಮಾನ್ರಿಗೆ ಬೆರಾತಾನ್ ಬೇಕೇ ಬೇಕು, ಯಾಕಂದರೆ ಅದು ಇಂಡೋನೇಷ್ಯಾದ ಹಳೆಯ 50 ಸಾವಿರದ ನೋಟಿನ ಮೇಲಿತ್ತು.

ಜತಿಲುವಿಹ್ ಅಂದರೆ ಬಾತುಕಾರು ಬೆಟ್ಟದ ಮಡಿಲಲ್ಲಿ 600 ಹೆಕ್ಟೇರಿಗೂ ಜಾಸ್ತಿ ಭತ್ತದ ಗದ್ದೆ, ಮೆಟ್ಟಿಲು ಮೆಟ್ಟಿಲಾಗಿ. ಅಲ್ಲಿ ಅವರದೇ ಕೆಂಪಕ್ಕಿ ತಳಿ, ಪೈರು ಎದೆಯೆತ್ತರ ಬೆಳೆಯುತ್ತೆ. ಫೋಟೋ ಜಾಗದಲ್ಲಿ ನಾವೆಲ್ಲ ಫೋಟೋ ತೆಗೆಸಿಕೊಂಡೆವು, ಅಪ್ಪ ಕಾಣಿಸಲಿಲ್ಲ. ನೋಡಿದರೆ ಕೆಳಗೆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕಾಲುವೆಯೊಳಗೆ ಕೈ ಬಿಟ್ಟಿದ್ದಾರೆ. ಅಲ್ಲಿ ಕಾಲುವೆ ಎರಡಾಗಿ ಒಡೆಯುತ್ತೆ, ಅಡ್ಡಕ್ಕೆ ಒಂದು ಹಲಗೆ, ಹಲಗೆಯಲ್ಲಿ ಕಚ್ಚು. ಒಂದು ಕಚ್ಚು ಅಗಲ, ಇನ್ನೊಂದು ಅದರ ಅರ್ಧ. ಅಪ್ಪ ಗೇಣು ಹಾಕಿ ಅಳೆದರು. 'ಅಲ್ಲಿ ಎರಡು ಪಾಲು ಗದ್ದೆ ಐತೆ, ಇಲ್ಲಿ ಒಂದು ಪಾಲು. ಯಾರು ನೋಡ್ಕೊತಾರೆ ಇದನ್ನ, ಕೇಳು.'

ಕೇಳೋಣ ಅಂದರೆ ತೂಬಿಗೆ ಇಂಗ್ಲಿಷ್‌ನಲ್ಲಿ ಏನಂತಾರೆ ಅಂತ ನನಗೇ ನೆನಪಾಗಲಿಲ್ಲ. 'ವಾಟರ್ ಡೋರ್' ಅಂದುಬಿಟ್ಟೆ. ಬ್ಲಿ ಜೋರಾಗಿ ನಕ್ಕರು. ಅವರ ಭಾಷೆಯಲ್ಲೂ ಅದು ಪಿಂತು ಆಯಿರ್, ನೀರಿನ ಬಾಗಿಲು.

ಆಮೇಲೆ ಎರಡೂವರೆ ಗಂಟೆ ನಾವು ಅಲ್ಲಿಂದ ಏಳಲಿಲ್ಲ. ಬ್ಲಿಯ ಅಣ್ಣ ಈಗಲೂ ಗದ್ದೆ ಮಾಡ್ತಾರಂತೆ. ಒಂದೇ ಮೂಲದಿಂದ ನೀರು ತಗೊಳ್ಳೋ ರೈತರೆಲ್ಲ ಸೇರಿದರೆ ಒಂದು ಸುಬಕ್. 9ನೇ ಶತಮಾನದಿಂದ ನಡೆದು ಬಂದಿದೆ, 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಸುಬಕ್‌ಗೆ ಒಬ್ಬ ಯಜಮಾನ, ಪೆಕಾಸೆಹ್ ಅಂತ. ಯಾವಾಗ ನಾಟಿ, ಯಾರಿಗೆ ಎಷ್ಟು ನೀರು, ಕದ್ದು ಮಡೆ ತಿರುಗಿಸಿದವರಿಗೆ ಎಷ್ಟು ದಂಡ, ಎಲ್ಲ ಸಭೆಯಲ್ಲಿ ತೀರ್ಮಾನ. 'ಹಂಗಾದ್ರೆ ನೀರುಗಂಟಿ' ಅಂದರು ಅಪ್ಪ.

ಗೊತ್ತಿಲ್ಲದವರಿಗೆ, ನಮ್ಮ ಕಡೆ ಕೆರೆಯ ತೂಬು ತೆಗೆದು ಹಾಕಿ ಗದ್ದೆಗದ್ದೆಗೂ ನೀರು ಹಾಯಿಸುತ್ತಿದ್ದವರು ನೀರುಗಂಟಿಗಳು. ಸುಗ್ಗಿಯಲ್ಲಿ ಕಣಕ್ಕೆ ಬಂದು ಪಾಲು ಭತ್ತ ಒಯ್ಯುತ್ತಿದ್ದರು. ಅಪ್ಪ ಅವರ ವಿಷಯ ಶುರು ಮಾಡಿದರು, ನಾನು ಅನುವಾದ ಮಾಡುತ್ತಾ ಮಾಡುತ್ತಾ ಕೇಳಿಸಿಕೊಂಡೆ. ನಮ್ಮೂರ ನೀರುಗಂಟಿ ಮಳೆಗಾಲದ ರಾತ್ರಿ ಕಂಬಳಿ ಹೊದ್ದು ಏರಿ ಮೇಲೆ ಮಲಗುತ್ತಿದ್ದದ್ದು, ಬೋರ್‌ವೆಲ್ ಬಂದಮೇಲೆ ಕೆಲಸ ಇಲ್ಲದೆ ಬೆಂಗಳೂರಿಗೆ ಬಂದದ್ದು. ಈಗ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸೋ ನೀರು ಬಂದು ಕೆರೆಯೇನೋ ತುಂಬಿದೆ, ಆದರೆ ಅದು ಅಂತರ್ಜಲಕ್ಕೆ ಅಂತ ಬಿಟ್ಟ ನೀರು, ತೂಬು ಎತ್ತೋ ಹಾಗಿಲ್ಲ. ಬ್ಲಿ ಒಂದು ಪ್ರಶ್ನೆ ಕೇಳಿದರು: ನಿಮ್ಮ ನೀರುಗಂಟಿಯನ್ನ ರೈತರು ಆರಿಸ್ತಿದ್ರಾ? ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಇಲ್ಲ. ಅವರಪ್ಪ ಮಾಡ್ತಿದ್ದ, ಇವನೂ ಮಾಡ್ತಿದ್ದ. ನಮ್ಮ ಪಂಚಾಯ್ತಿಲಿ ಅವನು ದೂರ ನಿಂತ್ಕೊಬೇಕಿತ್ತು.' 45 ವರ್ಷದಲ್ಲಿ ಅಪ್ಪ ಈ ಮಾತನ್ನ ನನ್ನ ಮುಂದೆ ಆಡಿರಲಿಲ್ಲ. ನಾನೂ ಕೇಳಿರಲಿಲ್ಲ.

ಬದುವಿನ ಮೂಲೆಯಲ್ಲಿ ದೇವಿ ಶ್ರೀಗೆ ಒಂದು ಪುಟ್ಟ ಬಿದಿರಿನ ಗುಡಿ ಇತ್ತು. ಭತ್ತದ ದೇವತೆ, ನಮ್ಮ ಶ್ರೀದೇವಿಯೇ. ಅಲ್ಲಿ ನೀರಿನ ಹಂಚಿಕೆ ದೇವಸ್ಥಾನದ ಹಬ್ಬದ ಲೆಕ್ಕಕ್ಕೆ ಸೇರಿಕೊಂಡಿದೆ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿ ತಂದು, ಪಂಚಾಂಗ ಬಿಡಿ, ಆದಷ್ಟು ಸಲ ಬೆಳೆಯಿರಿ ಅಂದಿತ್ತು. ಎಲ್ಲರೂ ತಮಗೆ ತೋಚಿದಾಗ ನಾಟಿ ಮಾಡಿದರು. ಹುಳಕ್ಕೆ ವರ್ಷಪೂರ್ತಿ ಊಟ ಸಿಕ್ಕಿತು, ಬೆಳೆ ಹೋಯಿತು. ಸ್ಟೀಫನ್ ಲ್ಯಾನ್ಸಿಂಗ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞರು ಆಮೇಲೆ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿಸಿ ತೋರಿಸಿದರು, ಅಕ್ಕಪಕ್ಕದ ಸುಬಕ್‌ಗಳು ಮಾತಾಡಿಕೊಂಡು ಒಟ್ಟಿಗೆ ಗದ್ದೆ ಖಾಲಿ ಬಿಟ್ಟರೆ ಹುಳ ಸಾಯುತ್ತೆ, ತೀರಾ ಎಲ್ಲರೂ ಒಟ್ಟಿಗೆ ನಾಟಿಗೆ ಇಳಿದರೆ ನೀರು ಸಾಲಲ್ಲ, ಇವೆರಡರ ನಡುವಿನ ಹದವನ್ನೇ ಆ ದೇವಸ್ಥಾನಗಳು ಕಾಯ್ದುಕೊಂಡು ಬಂದಿದ್ದವು ಅಂತ. ಇದನ್ನು ನಾನು ಮನೆಗೆ ಬಂದಮೇಲೆ ಓದಿದ್ದು. ಬ್ಲಿ ಅಲ್ಲಿ ಹೇಳಿದ್ದು ಇಷ್ಟೇ, ಪಕ್ಕದವನ ಗದ್ದೆ ಖಾಲಿ ಇದ್ದಾಗ ನಿನ್ನದೂ ಖಾಲಿ ಇರಬೇಕು.

ಗಂಟೆ ಒಂದಾಗಿತ್ತು. ಬೆರಾತಾನ್‌ಗೆ ಹೋದರೆ ತನಾ ಲೋಟ್ ತಪ್ಪುತ್ತೆ, ಎರಡೂ ಬೇಕಂದರೆ ಊಟ ತಪ್ಪುತ್ತೆ. ಬ್ಲಿ ಯಾವುದು ಬಿಡೋಣ ಅಂತ ಕೇಳಿದರು ನೋಡಿ, ಅದಕ್ಕೇ ನಾನು ಕಸ್ಟಮೈಸ್ ಅನ್ನೋದು. ಸೇರಿಸೋದು ಯಾರು ಬೇಕಾದರೂ ಮಾಡ್ತಾರೆ, ಪಿಡಿಎಫ್‌ನಲ್ಲಿ ಇನ್ನೊಂದು ಸಾಲು ಅಷ್ಟೇ. ಬಿಡೋದು ಮಾತ್ರ ಕಾರು ನಿಮ್ಮದೇ ಆಗಿ, ಡ್ರೈವರ್‌ಗೆ ಬೇರೆಯವರಿಗೆ ಉತ್ತರ ಹೇಳೋ ಕಾಟ ಇಲ್ಲದಿದ್ದರೆ ಆಗೋ ಕೆಲಸ. ಬೆರಾತಾನ್ ಬಿಟ್ಟೆವು. ನಮ್ಮೆಜಮಾನ್ರು ತನಾ ಲೋಟ್ ತನಕ ಮುಖ ಊದಿಸಿಕೊಂಡೇ ಕೂತಿದ್ದರು, ಅದೂ ದಾಖಲಾಗಲಿ.

ಊಟ ಒಂದು ವಾರುಂಗ್‌ನಲ್ಲಿ, ಅಂದರೆ ನಮ್ಮ ಮೆಸ್ಸಿನ ಥರ. ಅನ್ನ, ತೆಂಪೆ (ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ), ಸೊಪ್ಪು, ಈರುಳ್ಳಿ ಹಸಿಮೆಣಸಿನಕಾಯಿ ಮಜ್ಜಿಗೆಹುಲ್ಲಿನ ಹಸಿ ಸಂಬಲ್, ಅಂದರೆ ಅಲ್ಲಿನ ಚಟ್ನಿ. ಅಪ್ಪ ಎರಡು ಸಲ ಹಾಕಿಸಿಕೊಂಡರು. ಶುದ್ಧ ಸಸ್ಯಾಹಾರಿಗಳು ಹುಷಾರು, ಬಹಳ ಸಂಬಲ್‌ಗಳಿಗೆ ಸಿಗಡಿ ಪೇಸ್ಟು ಹಾಕ್ತಾರೆ, ಅದರ ಹೆಸರು ತೆರಾಸಿ, ಅದು ಬೇಡ ಅನ್ನಿ. ತನಾ ಲೋಟ್ ಚೆನ್ನಾಗಿತ್ತು, ಬಂಡೆ, ಅಲೆ, ಸೂರ್ಯ, ಸಾವಿರ ಮೊಬೈಲು.

ಇನ್ನು ಕೇಳಿದವರಿಗೆ ಉಪಯೋಗ ಆಗಲಿ ಅಂತ ಚೂರುಪಾರು. ಗಂಟೆ ಲೆಕ್ಕ ನಿಮ್ಮ ಹೋಟೆಲ್ ಬಿಟ್ಟಾಗಿನಿಂದ ಹಿಡಿದು ವಾಪಸ್ ಬಿಡೋವರೆಗೆ, ಇದನ್ನು ಮರೆತು ಜಗಳ ಆಡಬೇಡಿ. ಪೆಟ್ರೋಲ್, ಪಾರ್ಕಿಂಗ್ ಸೇರಿದೆಯಾ ಅಂತ ಕೇಳಿ, ಪ್ರವೇಶದ ಟಿಕೆಟ್ ಸಾಮಾನ್ಯವಾಗಿ ಬೇರೆ. ದಕ್ಷಿಣದ ಉಲುವಾತು ಮತ್ತು ಉತ್ತರದ ಬೆಟ್ಟಗಳನ್ನ ಒಂದೇ ದಿನಕ್ಕೆ ಸೇರಿಸಬೇಡಿ, ಮ್ಯಾಪಿನಲ್ಲಿ 30 ಕಿಲೋಮೀಟರ್ ಕಂಡರೂ ಅಲ್ಲಿನ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಹಿಡಿಯಬಹುದು, ನಮ್ಮ ಸಿಲ್ಕ್ ಬೋರ್ಡ್ ನೋಡಿದವರಿಗೆ ಜಾಸ್ತಿ ಹೇಳಬೇಕಿಲ್ಲ. 2024ರ ಫೆಬ್ರವರಿಯಿಂದ ವಿದೇಶಿಯರಿಗೆ ತಲಾ ಒಂದೂವರೆ ಲಕ್ಷ ರುಪಾಯ ಪ್ರವಾಸಿ ಶುಲ್ಕ ಇದೆ, ವೀಸಾ ಬಿಟ್ಟು. ಮನೆಯ ಹಿರಿಯರನ್ನ ಮುಂದಿನ ಸೀಟಿನಲ್ಲಿ ಕೂರಿಸಿ.

ಊರಿಗೆ ಬಂದಮೇಲೆ ನಮ್ಮ ದೊಡ್ಡಪ್ಪನ ಮಗ, 'ಅಷ್ಟು ದೂರ ಹೋಗಿ ಗದ್ದೆ ನೋಡ್ಕೊಂಡು ಬಂದ್ರಾ' ಅಂತ ಆಡಿಕೊಂಡ. ಹೌದು. ಗೇಟಿನ ಫೋಟೋವೂ ಇದೆ, ಕನ್ನಡಿದು, ಅದಕ್ಕೆ 214 ಲೈಕ್ ಬಂದಿದೆ.

ಬ್ಲಿ ಈಗಲೂ ಆಗಾಗ ವಾಟ್ಸಾಪ್ ಮಾಡ್ತಾರೆ. ಅಣ್ಣನ ಗದ್ದೆ ಕೊಯ್ಲಾದಾಗ ಫೋಟೋ ಕಳಿಸಿದ್ದರು, ಬಾಪಾಕ್‌ಗೆ ತೋರಿಸಿ ಅಂತ. ಅಪ್ಪ ಕನ್ನಡಕ ಹಾಕಿಕೊಂಡು, ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. 'ಜೊಳ್ಳು ಜಾಸ್ತಿ ಐತೆ ಕಣಮ್ಮ, ಕೊನೇ ನೀರು ತಡವಾಗಿರಬೇಕು. ಹೇಳು ಅವ್ನಿಗೆ' ಅಂದರು.

ಜೊಳ್ಳಿಗೆ ಇಂಗ್ಲಿಷ್‌ನಲ್ಲಿ ಏನಂತಾರೆ ಅಂತ ತಲೆ ಕೆರೆದುಕೊಂಡು, ಕೊನೆಗೆ 'ವೆರಿ ನೈಸ್' ಅಂತ ಕಳಿಸಿದೆ.