ಸತ್ಯಾಂಶ: ಸಾರಜನಕ ಜಾಸ್ತಿ ಕೊಟ್ಟರೆ ಗುಲಾಬಿಯ ನುಸಿ ಹೋಗುತ್ತದೆಯೇ?

"ಪಾಲಿಹೌಸ್ ಗುಲಾಬಿಗೆ ನುಸಿ ಬಿದ್ದಿದೆಯಾ? ಗಿಡಕ್ಕೆ ಶಕ್ತಿ ಸಾಲದು. ಸಾರಜನಕ ಡಬಲ್ ಮಾಡಿ, ನುಸಿ ತಾನೇ ಹೋಗುತ್ತೆ." ಇಂಥ ಮಾತು ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಇದು ತಪ್ಪು. ಹಾಗೆ ಮಾಡಿದರೆ ನುಸಿಗೇ ಊಟ ಬಡಿಸಿದಂತೆ.

ಒಂದು ಎಲೆ ಮಗುಚಿ ನೋಡಿ. ಮೇಲ್ಗಡೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕೆಗಳು, ಅಡಿಯಲ್ಲಿ ತೆಳ್ಳನೆಯ ಬಲೆ. ಜೇಡ ನುಸಿ ಇರುವುದು ಅಲ್ಲೇ. ಅರ್ಧ ಮಿಲಿಮೀಟರ್ ಮೈ, ಅದರ ಮೇಲೆ ಎರಡು ಕಪ್ಪು ಚುಕ್ಕೆ. ಎಲೆಯ ಜೀವಕೋಶಗಳನ್ನು ಚುಚ್ಚಿ ಒಳಗಿನ ರಸ ಹೀರುತ್ತದೆ. ಸಾರಜನಕ ಮಿತಿಮೀರಿದರೆ ಎಲೆ ಮೆತ್ತಗೆ, ಸೊಂಪಾಗಿ ಬೆಳೆಯುತ್ತದೆ. ರಸದಲ್ಲಿ ಅಮೈನೋ ಆಮ್ಲಗಳು ಹೆಚ್ಚುತ್ತವೆ. ಮೊಟ್ಟೆ ಇಡುವ ಹೆಣ್ಣಿಗೆ ಬೇಕಾದ್ದು ಅದೇ ಅಲ್ವಾ? ಒಂದು ಹೆಣ್ಣು ನೂರರಷ್ಟು ಮೊಟ್ಟೆ ಇಡಬಲ್ಲದು. 30 ಡಿಗ್ರಿ ಆಸುಪಾಸಿನ ಸೆಕೆಯಲ್ಲಿ ಆ ಮೊಟ್ಟೆ ಎಂಟು-ಹತ್ತು ದಿನದಲ್ಲಿ ಬೆಳೆದ ನುಸಿಯಾಗುತ್ತದೆ. ಬೇಸಿಗೆಯ ಪಾಲಿಹೌಸಿನಲ್ಲಿ ಸೆಕೆಗೇನು ಕಮ್ಮಿ!

ಹಾಗಂತ ಗೊಬ್ಬರ ಪೂರ್ತಿ ನಿಲ್ಲಿಸಬೇಡಿ. ಹೂವಿನ ಕಡ್ಡಿ ಗಿಡ್ಡವಾಗಿ ಬೆಲೆ ಬಿದ್ದುಹೋಗುತ್ತದೆ. ಮಣ್ಣು, ಎಲೆ ಪರೀಕ್ಷೆ ಮಾಡಿಸಿ, ಡ್ರಿಪ್‌ನಲ್ಲಿ ಅಳೆದು ಬಿಡಿ.

ಇನ್ನೊಂದು ಮಾತು. ನುಸಿ ಕೀಟವಲ್ಲ. ಎಂಟು ಕಾಲಿನ, ಜೇಡದ ಬಳಗದ ಜೀವಿ. ಸಿಕ್ಕ ಕೀಟನಾಶಕ ಸುಮ್ನೆ ಹೊಡೆದರೆ ಜೇಡ ನುಸಿಯನ್ನು ತಿನ್ನುವ ಪರಭಕ್ಷಕ ನುಸಿಗಳೇ ಮೊದಲು ಸಾಯಬಹುದು. ಆಮೇಲೆ ಕಾಟ ಇನ್ನೂ ಜಾಸ್ತಿ. ಔಷಧಿ ಬೇಕೇ ಆದರೆ ನುಸಿನಾಶಕವನ್ನೇ ಕೇಳಿ ತನ್ನಿ, ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಿ.